ಬಂಡೆಯ ಮಡಿಲಲ್ಲಿ ಒಂದೇ ಮೊಟ್ಟೆ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲ ಅದು, ಮಗಾ. ಆಗ ರಣಹದ್ದು ಕೋಳಿಯ ಹಾಗೆ ಬುಟ್ಟಿ ತುಂಬ ಮೊಟ್ಟೆ ಇಡುತ್ತಿತ್ತು. ಮರಿಗಳೋ, ಒಂದಕ್ಕಿಂತ ಒಂದು ಹೊಟ್ಟೆಬಾಕ! ತಾಯಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಆಗ ಸತ್ತ ಪ್ರಾಣಿಗಳು ಹೊಳೆಯ ದಡದಲ್ಲಿ ಬಿದ್ದಲ್ಲೇ ಕೊಳೆಯುತ್ತಿದ್ದವು. ಆ ನೀರು ಕುಡಿದ ಜಿಂಕೆಗಳೂ ಸಾಯತೊಡಗಿದವು. ಹೊಳೆ ಅಳುತ್ತಾ ರಣಹದ್ದು ಗೂಡು ಕಟ್ಟಿದ್ದ ಬಂಡೆಯ ಬುಡಕ್ಕೆ ಬಂತು.

“ರಣಹದ್ದಕ್ಕಾ, ನನ್ನ ದಡ ಚೊಕ್ಕಟ ಮಾಡ್ಕೊಡೇ.”

“ಮನೆ ತುಂಬ ಮಕ್ಕಳು ಕಣೇ. ಬಿಟ್ಟು ಹೆಂಗೆ ಬರ್ಲಿ?”

“ರೆಕ್ಕೆ ಬಡಿಯೋದೇ ಬೇಡ, ನಾನು ಎತ್ಕೊಂಡು ಹೋಗ್ತೀನಿ,” ಎಂದಿತು ಗಾಳಿ.

“ನೀನು ಬರೋವರ್ಗೂ ಮೊಟ್ಟೆ ನಾನು ಬೆಚ್ಚಗಿಟ್ಕೋತೀನಿ,” ಎಂದಿತು ಬಂಡೆ. “ಆದ್ರೆ ನನ್ನ ಮಡಿಲು ಚಿಕ್ಕದು. ಒಂದೇ ಹಿಡಿಸೋದು.”

ಒಂದೇ! ರಣಹದ್ದು ಗೂಡು ತುಂಬಿದ ಮರಿಗಳನ್ನು ನೋಡಿತು. ಕೆಳಗೆ ಅಳುತ್ತಿದ್ದ ಹೊಳೆಯನ್ನು ನೋಡಿತು. “ಆಗ್ಲಿ, ಒಂದೇ ಸಾಕು,” ಎಂದು ಮಾತು ಕೊಟ್ಟಿತು. ಅಂದಿನಿಂದ ಹೊಳೆ ತಿಳಿಯಾಯಿತು.

ಆಮೇಲೆ ನಾವು ಮನುಷ್ಯರು ಬಂದೆವು. ದನ ಸತ್ತರೆ ರಣಹದ್ದಿಗೆಂದು ಬೆಟ್ಟದ ಬುಡದಲ್ಲಿ ಬಿಟ್ಟುಬರುವುದು ರೂಢಿಯಾಯಿತು. ಎಷ್ಟೋ ತಲೆಮಾರು ಹೀಗೇ ನಡೆಯಿತು.

ಒಮ್ಮೆ ದನ ಕಾಯುವ ಚೌಡವ್ವನ ಹಸು ಕೆಂದಿ ನೋವಿನಿಂದ ನೆಲ ಹಿಡಿಯಿತು. ಪಾಪ, ಪ್ರೀತಿಯಿಂದಲೇ ನೋವು ಕಳೆಯುವ ಸೂಜಿ ಹಾಕಿಸಿದಳು. ಕೆಂದಿ ಉಳಿಯಲಿಲ್ಲ. ರೂಢಿಯಂತೆ ಬೆಟ್ಟದ ಬುಡದಲ್ಲಿ ಬಿಟ್ಟಳು. ಹಸುವಿಗೆ ಮದ್ದಾದದ್ದು ಹದ್ದಿಗೆ ವಿಷ! ತಿಂದ ಹಕ್ಕಿಗಳೆಲ್ಲ ಕತ್ತು ಇಳಿಬಿಟ್ಟು ಸತ್ತವು. ಮೇಲೆ ಬಂಡೆಯ ಗೂಡಿನಲ್ಲಿ ಒಂದು ಗಂಡುಹಕ್ಕಿ ಮಾತ್ರ ಮೊಟ್ಟೆಗೆ ಕಾವು ಕೊಡುತ್ತಾ, ಬಾರದ ಹೆಣ್ಣಿಗಾಗಿ ಹಸಿದು ಕಾಯುತ್ತಿತ್ತು.

“ನೀ ಹಾಕ್ಸಿದ ಸೂಜಿ ಮದ್ದೇ ಇವುಕ್ಕೆ ವಿಷ ಆಯ್ತು. ಆ ಮನೇಲಿರೋದು ಒಂದೇ ಮೊಟ್ಟೆ ಕಣವ್ವಾ,” ಎಂದಿತು ಹೊಳೆ.

ಚೌಡವ್ವ ಎದೆ ಬಡಿದುಕೊಂಡು ಅತ್ತಳು. ಅಳುತ್ತಾ ಕೂರಲಿಲ್ಲ. ಹದ್ದಿಗೆ ಕೇಡಾಗದ ಬೇರೆ ಮದ್ದು ಕೊಡಿ ಎಂದು ದನದ ಡಾಕ್ಟರ ಬೆನ್ನು ಬಿದ್ದಳು. ಆ ಸೂಜಿ ಹಾಕಿದ ದನ ಸತ್ತರೆ ಆಳವಾಗಿ ಹೂಳಿ ಎಂದು ಮನೆಮನೆಗೂ ಹೇಳಿಬಂದಳು. ಅಷ್ಟರಲ್ಲಿ ಊರಲ್ಲೊಂದು ಮುದಿ ಎತ್ತು ಸತ್ತಿತು. ಸೂಜಿ ಕಂಡ ಎತ್ತಲ್ಲ ಎಂದು ಕೇಳಿ ತಿಳಿದು, ಅದನ್ನು ಗೂಡಿನ ನೇರ ಕೆಳಗೇ ತಂದುಹಾಕಿಸಿದಳು.

“ಹೋಗಿ ಉಣ್ಣಪ್ಪಾ. ಮೊಟ್ಟೆ ನನ್ನ ಹತ್ರ ಇರ್ಲಿ,” ಎಂದಿತು ಬಂಡೆ.

ಗಾಳಿ ಇಳಿಸಿತು, ಗಾಳಿಯೇ ಏರಿಸಿತು. ಬಿಸಿಲಿಗೆ ಕಾದ ಬಂಡೆಯ ಮಡಿಲಲ್ಲಿ ಮೊಟ್ಟೆ ತಣ್ಣಗಾಗಲಿಲ್ಲ. ಕೆಲವೇ ದಿನಕ್ಕೆ ಬಿರಿಯಿತು. ಆ ಮರಿ ಬೆಳೆದು, ದೂರದ ಬೆಟ್ಟದಿಂದ ಜೋಡಿ ತಂದು ಇದೇ ಬಂಡೆಯಲ್ಲಿ ಗೂಡು ಕಟ್ಟಿತು.

ಅಂದು ಹೊಳೆಗೆ ಕೊಟ್ಟ ಮಾತಿಗೇ ರಣಹದ್ದು ಇವತ್ತಿಗೂ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅಗೋ, ಬಂಡೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ಸುಣ್ಣ ಸುರಿದಂತೆ ಬೆಳ್ಳಗೆ ಕಾಣುತ್ತದಲ್ಲ, ಅಲ್ಲಿಂದ ಕತ್ತು ಚಾಚಿ ನಿನ್ನನ್ನೇ ನೋಡುತ್ತಿದೆ ನೋಡು, ಈ ವರ್ಷದ ಮರಿ.