ಗೂಟದ ಕುಳಿಯಲ್ಲಿ ಮರಳು

“ನೆಳಲು…” ಎಂದಳು ಅಜ್ಜಿ. ಮುಂದಿನದು ಬಾಯಿಗೆ ಬರಲಿಲ್ಲ. “ನೆಳಲು ಏನೋ. ನಮ್ಮೂರಲ್ಲಿ ಆ ದಿನಕ್ಕೆ ಒಂದು ಹೆಸರಿತ್ತು.”

“ಯಾವ ದಿನಕ್ಕೆ?” ಎಂದು ಕೇಳಿದ ಅಪ್ರಮೇಯ.

“ಅದು ಗೊತ್ತಿದ್ದರೆ ಹೆಸರೂ ಬರುತ್ತಿತ್ತು. ಹೊಳೆದಂಡೆಯಲ್ಲಿ ಬರಿಗಾಲಿಗೆ ಸಿಗುವಂಥ ಮಾತು ಅದು.”

“ನೆಳಲುಕೆಸರು?”

“ನಿನ್ನ ತಲೆ.”

ಅಜ್ಜಿ ಹುಟ್ಟಿದ ಊರು ಈ ಊರಿನ ಹೊಳೆಯ ದಂಡೆ ಹಿಡಿದು ಕೆಳಕ್ಕೆ, ಎಂಟು ದಿನದ ದಾರಿ. ಒಂಬತ್ತನೇ ವಯಸ್ಸಿಗೆ ಮದುವೆಯಾಗಿ ಈ ಜೋಯಿಸರ ಮನೆಗೆ ಬಂದವಳು ಮತ್ತೆ ತಿರುಗಿ ಹೋಗಲಿಲ್ಲ. ಸುತ್ತಲ ಊರುಗಳಿಗೆಲ್ಲ ಪಂಚಾಂಗ ಬರೆದುಕೊಡುವ ಮನೆ ಅದು. ಮಾವ ಹೋದರು, ಗಂಡ ಹೋದ, ಮಗನೂ ಹೋದ. ಕೊನೆಗೆ ಪಂಚಾಂಗ ಅಜ್ಜಿಯ ಪಾಲಿಗೆ ಬಂತು. ಅಷ್ಟರಲ್ಲಿ ಅವಳ ಕಣ್ಣು ಹೋಗಿತ್ತು.

ಈಗ ಅವಳು ಹೇಳುತ್ತಿದ್ದಳು, ಮೊಮ್ಮಗ ಅಪ್ರಮೇಯ ಬರೆಯುತ್ತಿದ್ದ. ಅವನೇ ಅವಳ ಒಬ್ಬನೇ ಶಿಷ್ಯ.

ಅಂಗಳದ ನಡುವೆ ಎರಡಾಳೆತ್ತರದ ಕಂಬವಿತ್ತು. ಅದಕ್ಕೆ ಶಂಕು ಎನ್ನುತ್ತಿದ್ದರು. ನಡುಹಗಲಲ್ಲಿ ಅದರ ನೆರಳಿನ ತುದಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಐದು ದಿನಕ್ಕೊಮ್ಮೆ ಒಂದು ಗೂಟ ಹೊಡೆಯುವುದು ಶಿಷ್ಯನ ಕೆಲಸ.

ಹೊಸಿಲಿನ ಒಳಗೆ ಅವಳು ಅಜ್ಜಿ. ಅಂಗಳಕ್ಕೆ ಇಳಿದರೆ ಗುರು. ತಪ್ಪಿ ಕರೆದರೆ ಓಗೊಡುತ್ತಿರಲಿಲ್ಲ.

“ಅಳತೆಗೆ ಸಿಗದವನು ಅಂತ ಹೆಸರಿಟ್ಟೆವು,” ಎಂದು ನಗುತ್ತಿದ್ದಳು. “ನೋಡಿದರೆ ಮೂರು ಹೊತ್ತೂ ಕೈಯಲ್ಲಿ ಅಳತೆಯ ದಾರ.”

ಒಂದು ದಿನ ಅವನು ಕೇಳಿದ, “ಗುರುಗಳೇ, ಸೂರ್ಯ ಆರು ತಿಂಗಳು ತೆಂಕಣಕ್ಕೆ ಯಾಕೆ ಹೋಗುತ್ತಾನೆ? ಮತ್ತೆ ಯಾಕೆ ಬರುತ್ತಾನೆ?”

ಅಜ್ಜಿ ಅವನನ್ನು ಕತ್ತಲಿನ ಉಗ್ರಾಣಕ್ಕೆ ಕರೆದುಕೊಂಡು ಹೋದಳು. ನಡುವೆ ದೀಪ ಇಡಿಸಿದಳು. ಅವನ ಕೈಗೆ ಚೊಂಬು ಕೊಟ್ಟಳು.

“ಇದರ ಬಾಯಿ ಬಡಗಣ ಗೋಡೆಯ ಕಡೆ ಸ್ವಲ್ಪ ವಾಲಿರಲಿ. ವಾಲಿದ್ದು ಬದಲಾಗಬಾರದು. ಹಾಗೇ ದೀಪದ ಸುತ್ತ ಬಾ.”

ಅವನು ಸುತ್ತಿದ. ದೀಪದ ತೆಂಕಣಕ್ಕೆ ಬಂದಾಗ ಬೆಳಕು ಚೊಂಬಿನ ಕತ್ತಿನ ಮೇಲೆ ಬಿತ್ತು. ಬಡಗಣಕ್ಕೆ ಬಂದಾಗ ಹೊಟ್ಟೆಯ ಕೆಳಗೆ ಇಳಿಯಿತು.

“ದೀಪ ಅಲುಗಿತೇ?”

“ಇಲ್ಲ.”

“ಮತ್ತೆ ಬೆಳಕು ಹತ್ತಿ ಇಳಿದದ್ದು ಯಾಕೆ?”

“ಚೊಂಬು ವಾಲಿದೆ. ವಾಲಿಸಿಕೊಂಡೇ ನಾನು ಸುತ್ತಿದೆ.”

“ಸೂರ್ಯ ಎಲ್ಲಿಗೂ ಹೋಗುವುದಿಲ್ಲ. ವಾಲಿಕೊಂಡು ಸುತ್ತುವವರು ನಾವು.”

“ಹಾಗಾದರೆ ಉತ್ತರಾಯಣ ಅಂದರೆ ಏನು?”

“ನೆರಳು ಹೇಳಿದ್ದು. ಹೋಗು, ಬಿಸಿಲಲ್ಲಿ ನಿಲ್ಲು.”

ಆ ವರ್ಷ ಧನುರ್ಮಾಸ ಹುಟ್ಟುವ ಹೊತ್ತಿಗೆ ಅಪ್ರಮೇಯನ ತಾಯಿ ನಾಚಾರಮ್ಮ ಹಾಸಿಗೆ ಹಿಡಿದಳು. ಮೈಯೆಲ್ಲ ನೀರು ತುಂಬಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು.

ಅವಳಿಗೆ ಸಾಯುವ ಭಯವಿರಲಿಲ್ಲ. ದಕ್ಷಿಣಾಯನದಲ್ಲಿ ಸಾಯುವ ಭಯವಿತ್ತು. ಆ ದಾರಿ ಕತ್ತಲಿನದು, ಹೊಗೆಯದು ಎಂದು ಈ ಮನೆಯಲ್ಲೇ ಕೇಳಿ ಕೇಳಿ ನಂಬಿದ್ದಳು.

“ಕಣ್ಣು ಮುಚ್ಚಿದರೆ ಅಲ್ಲಾಡಿಸಿ ಎಬ್ಬಿಸೋ ಮಗಾ,” ಎಂದಳು. “ನಿದ್ದೆಯಲ್ಲಿ ಜಾರಿಬಿಟ್ಟೇನು. ಸಂಕ್ರಾಂತಿಯವರೆಗೆ ಹಿಡಿದುಕೋ ನನ್ನನ್ನು.”

ಅವನು ಎಬ್ಬಿಸುತ್ತಿದ್ದ. ಅವಳು ಬೆಚ್ಚಿ ಕಣ್ಣು ಬಿಡುತ್ತಿದ್ದಳು. “ಸೂರ್ಯ ತಿರುಗಿದನೇ?” ಎಂದು ಕೇಳುತ್ತಿದ್ದಳು.

“ಇಲ್ಲಮ್ಮ. ಇನ್ನೂ ಇದೆ.”

ಧನುರ್ಮಾಸದ ಆರನೇ ದಿನ ಅವನು ಗೂಟ ಹೊಡೆದ. ಹನ್ನೊಂದನೇ ದಿನ ನೆರಳು ಅದೇ ಗೂಟದ ಮೇಲೆ ಬಿತ್ತು. ಹದಿನಾರನೇ ದಿನ ಎರಡು ಬೆರಳು ಹಿಂದಕ್ಕೆ, ಕಂಬದ ಕಡೆಗೆ ಬಂದಿತ್ತು.

ಅವನು ಅಲ್ಲಿಗೆ ಗೂಟ ಹೊಡೆದು ನೋಡುತ್ತ ನಿಂತ. ಪಂಚಾಂಗದಲ್ಲಿ ಉತ್ತರಾಯಣಕ್ಕೆ ಇನ್ನೂ ಹದಿಮೂರು ದಿನವಿತ್ತು. ಅಲ್ಲಿಯವರೆಗೆ ನೆರಳು ಬೆಳೆಯುತ್ತಲೇ ಇರಬೇಕು. ಅಜ್ಜಿ ಹೇಳಿ, ಅವನೇ ಬರೆದ ಪಂಚಾಂಗ ಅದು.

“ಗುರುಗಳೇ, ಶಂಕು ವಾಲಿರಬಹುದೇ?”

“ನೂಲಿಗೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡು. ಶಂಕು ಇರುವಾಗ ಶಂಕೆ ಯಾಕೆ?”

ಅವನು ನೂಲು ಇಳಿಬಿಟ್ಟ. ಕಂಬ ನೆಟ್ಟಗಿತ್ತು.

“ಸರಿಯಾಗಿದೆಯೇ?” ಜಗಲಿಯಿಂದ ಅಜ್ಜಿ ಕೇಳಿದಳು.

“ಸರಿಯಾಗಿದೆ,” ಎಂದ. ಏನು ಸರಿಯಾಗಿದೆ ಎಂದು ಹೇಳಲಿಲ್ಲ.

ಕಂಬ ಸರಿ ಇದ್ದ ಮೇಲೆ ಕೈ ತಪ್ಪಿರಬೇಕು ಎಂದುಕೊಂಡ. ಗೂಟ ಕಿತ್ತ. ಕುಳಿಗೆ ಹೊಳೆಯ ಮರಳು ತುಂಬಿ, ಮೇಲೆ ಸಗಣಿ ಸವರಿದ. ಹಳೆಯ ಗೂಟದಿಂದ ಎರಡು ಬೆರಳು ಆಚೆಗೆ, ಪಂಚಾಂಗಕ್ಕೆ ಹೊಂದುವ ಹಾಗೆ ಹೊಸದಾಗಿ ಹೊಡೆದ.

ಅಜ್ಜಿ ಬಂದು ತಡವಿ ನೋಡಿದಳು. “ಇನ್ನೂ ಹೋಗುತ್ತಲೇ ಇದೆ,” ಎಂದಳು. ಒಳಗೆ ಹೋಗಿ ಸೊಸೆಗೂ ಅದನ್ನೇ ಹೇಳಿದಳು.

“ತಡೆದುಕೋ ನಾಚಾರು. ಇನ್ನು ಹದಿಮೂರು ದಿನ.”

“ಆಯಿತು ಅತ್ತೆ,” ಎಂದಳು ನಾಚಾರಮ್ಮ.

ಇಪ್ಪತ್ತೊಂದನೇ ದಿನ ನೆರಳು ನಾಲ್ಕು ಬೆರಳು ಹಿಂದೆ ಬಂದಿತ್ತು. ಅಪ್ರಮೇಯ ಅಲ್ಲಿ ಹೊಡೆದ ಗೂಟ ಕಿತ್ತ, ಕುಳಿಗೆ ಮರಳು ತುಂಬಿ, ಇನ್ನೂ ಆಚೆಗೆ ಹೊಡೆದ. ಇಪ್ಪತ್ತಾರನೇ ದಿನ ಹೆಚ್ಚುಕಡಿಮೆ ಒಂದು ಗೇಣು. ಅಂದೂ ಹಾಗೇ ಮಾಡಿದ. ಆ ಹೊತ್ತಿಗೆ ಅವನು ನೆರಳನ್ನು ನಂಬುವುದನ್ನೇ ಬಿಟ್ಟಿದ್ದ.

ಮರುದಿನ ಬೆಳಿಗ್ಗೆ ನಾಚಾರಮ್ಮ ಕಣ್ಣು ಮುಚ್ಚಿದಳು. ಮಗ ಭುಜ ಹಿಡಿದು ಅಲ್ಲಾಡಿಸಿದ.

“ಇನ್ನೆಷ್ಟು ದಿನ?”

“ಎರಡೇ ಅಮ್ಮ. ಎರಡೇ ದಿನ.”

ಅವಳು ಮಗನ ಮುಖ ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ಅವಳದು.

“ಆಗಲಿಲ್ಲ ಕಣೋ,” ಎಂದಳು.

ಆ ಭಯ ಅವಳ ಮುಖದಿಂದ ಆಮೇಲೂ ಹೋಗಲಿಲ್ಲ. ಹೆಂಗಸರು ಹೆಣದ ಮುಖ ತೊಳೆದರು. ತೊಳೆದ ಮೇಲೂ ಕಾಣುತ್ತಿತ್ತು.

ಸೂತಕದ, ಕರ್ಮದ ಹದಿಮೂರು ದಿನ ಕಳೆದವು. ಯುಗಾದಿಯೊಳಗೆ ಹೊಸ ಪಂಚಾಂಗ ಆಗಬೇಕಿತ್ತು. ಅಜ್ಜಿ ಅಂಗಳಕ್ಕಿಳಿದು ಕೂತು, ಗೂಟಗಳನ್ನು ಒಂದೊಂದಾಗಿ ತಡವುತ್ತ ಹೋದಳು. ಅಪ್ರಮೇಯ ಓಲೆಯನ್ನೂ ಬರೆಯುವ ಕಂಟವನ್ನೂ ಹಿಡಿದು ಎದುರಿಗೆ ಕೂತಿದ್ದ.

ಅವಳ ಕೈ ಒಂದು ಕಡೆ ನಿಂತಿತು. ನೆಲ ಅಲ್ಲಿ ಮೆತ್ತಗಿತ್ತು. ಬೆರಳು ಒತ್ತಿದರೆ ಒಳಗೆ ಇಳಿಯಿತು.

ಇನ್ನಷ್ಟು ತಡವಿದಳು. ಎರಡನೆಯದು ಸಿಕ್ಕಿತು. ಮೂರನೆಯದೂ ಸಿಕ್ಕಿತು. ಮೂರೂ ಧನುರ್ಮಾಸದ ಆರನೇ ದಿನದ ಗೂಟದಿಂದ ಈಚೆಗೆ, ಕಂಬದ ಕಡೆಗೆ ಸಾಲಾಗಿದ್ದವು.

“ಇಲ್ಲಿ ಏನು ತುಂಬಿದೆ?”

ಇಲಿ ಮಾಡಿದ್ದು ಎನ್ನಬಹುದಿತ್ತು. ಅವನಿಗೆ ಇನ್ನು ಸುಳ್ಳಿಗೆ ಶಕ್ತಿ ಇರಲಿಲ್ಲ.

“ಮರಳು,” ಎಂದ.

ಅಜ್ಜಿ ಮರಳನ್ನು ಬೆರಳಲ್ಲಿ ಉಜ್ಜಿದಳು. ಅವಳ ತುಟಿ ಅಲುಗಿತು.

“ನೆಳಲುಮರಳು,” ಎಂದಳು.

ಅವನಿಗೆ ಅರ್ಥವಾಗಲಿಲ್ಲ.

“ಮರಳುವುದು. ಹಿಂದಿರುಗುವುದು. ನೆಳಲು ಮರಳುವ ದಿನ. ನಮ್ಮೂರಲ್ಲಿ ಪಂಚಾಂಗ ಓದುವವರು ಯಾರೂ ಇರಲಿಲ್ಲ. ದೋಣಿ ಕಟ್ಟುವ ಕಂಬದ ನೆರಳು ನೋಡುತ್ತಿದ್ದರು. ಅದು ಹಿಂದಿರುಗಿದ ದಿನ ಹುಗ್ಗಿ ಮಾಡುತ್ತಿದ್ದರು. ನನ್ನ ಮದುವೆಗೆ ಮುಂಚೆ ಮಾಡಿದ್ದು ನೆನಪಿದೆ. ಸಂಕ್ರಾಂತಿಗೆ ಇನ್ನೂ ಮೂರು ವಾರವಿತ್ತು.”

ಅಪ್ರಮೇಯನ ಕೈಯಿಂದ ಕಂಟ ಜಾರಿತು.

“ಇಲ್ಲಿ ಬಂದ ಮೇಲೆ ಒಮ್ಮೆ ಆ ಮಾತು ಆಡಿದೆ. ಜೋಯಿಸರ ಸೊಸೆಯಾಗಿ ಅಂಬಿಗರ ಲೆಕ್ಕ ಹೇಳುತ್ತೀಯಾ ಅಂತ ನಿಮ್ಮ ಮುತ್ತಾತ ನಕ್ಕರು. ಎಲ್ಲರೂ ನಕ್ಕರು. ಆಮೇಲೆ ನಾನು ಆಡಲಿಲ್ಲ. ಆಡದ ಮಾತು ಮರೆತುಹೋಯಿತು.”

“ಅಜ್ಜಿ,” ಎಂದ ಅಪ್ರಮೇಯ.

ಅವಳು ಓಗೊಡಲಿಲ್ಲ.

“ಗುರುಗಳೇ, ನಾನು ನೋಡಿದ್ದೆ. ಮೂರು ಸಲ ನೋಡಿದೆ. ಅದು ನೀವು ಹೇಳಿದ ಪಂಚಾಂಗ. ನಿಮ್ಮ ಮಾತು ಸುಳ್ಳಾಗಲು ಹೇಗೆ ಸಾಧ್ಯ ಅಂದುಕೊಂಡೆ.”

“ನನ್ನ ಮಾತೇ ಸಾಕಾಗಿದ್ದರೆ ನಿನ್ನನ್ನು ಬಿಸಿಲಲ್ಲಿ ಯಾಕೆ ನಿಲ್ಲಿಸುತ್ತಿದ್ದೆ? ಕಣ್ಣಿಲ್ಲದವಳ ಬಾಯಿ ನಂಬಿ, ನಿನ್ನ ಕಣ್ಣಿಗೆ ಮರಳು ತುಂಬಿದೆಯಲ್ಲೋ.”

ಅವನು ಅತ್ತ. ಅವಳು ಸುಮ್ಮನಿರು ಎನ್ನಲಿಲ್ಲ.

“ಅಮ್ಮ ಹೋದದ್ದು ಉತ್ತರಾಯಣದಲ್ಲೇ,” ಎಂದ ಕೊನೆಗೆ.

“ಹೌದು.”

“ಅವಳಿಗೆ ಗೊತ್ತಾಗಲಿಲ್ಲ.”

“ಇಲ್ಲ. ಹದಿಮೂರು ದಿನ ಅಂತ ನಾನೇ ಹೇಳಿ ಬಂದೆ. ಆಯಿತು ಅತ್ತೆ ಅಂದಳು.”

ನೆರಳು ಆಗ ಕಂಬದ ಬುಡದ ಕಡೆಗೆ ಇನ್ನೂ ಸರಿದಿತ್ತು.

ಅಜ್ಜಿ ನೆಲ ತಡವಿ, ಬಿದ್ದಿದ್ದ ಕಂಟವನ್ನು ಹುಡುಕಿ ಅವನ ಕೈಗೆ ಕೊಟ್ಟಳು.

“ಏನು ಬರೆಯಲಿ?” ಎಂದ. “ಇಷ್ಟು ಊರಿನವರು ತಲೆತಲಾಂತರದಿಂದ ನಂಬಿದ್ದಾರೆ. ತಪ್ಪು ಅಂತ ಬರೆದರೆ ನಮ್ಮ ಮನೆಯ ಹೆಸರು ಉಳಿಯುತ್ತದೆಯೇ?”

“ಬರೆ ಮಗಾ. ನೀನು ಮೊದಲ ಸಲ ಮರಳು ತುಂಬಿದೆಯಲ್ಲ, ಆ ದಿನದ ಮುಂದೆ, ನೆಳಲು ಆಗಲೇ ಮರಳಿತ್ತು ಅಂತ ಬರೆ. ಅದರ ಕೆಳಗೆ, ಅಂದು ನಿನ್ನಮ್ಮ ಬದುಕಿದ್ದಳು ಅಂತ ಬರೆ.”