ವರ್ತನೆ ಹೂವಿಗೆ ಜಾಮೀನು

ಇದು ನಮ್ಮ ಪೇಟೆಬೀದಿಯಲ್ಲೇ ನಡೆದದ್ದು. ಹೂವು ಮಾರುವ ಹೊಂಬಾಳಮ್ಮ ತಳ್ಳುಗಾಡಿಗೆ ಸಾಲ ಕೇಳಲು ಎದುರಿನ ಬ್ಯಾಂಕಿಗೆ ಹೋದಳು. ಮೀಟರ್ ಬಡ್ಡಿಯವರ ಸಹವಾಸ ಅವಳಿಗೆ ಸಾಕಾಗಿತ್ತು.

ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿದರು. "ಅಂಗಡಿ ಇಲ್ಲ, ಆಸ್ತಿ ಇಲ್ಲ. ನಿನ್ನನ್ನ ನಂಬೋದು ಹೇಗಮ್ಮ? ಜಾಮೀನು ಹಾಕೋರನ್ನ ಕರ್ಕೊಂಡು ಬಾ."

ಹೊಂಬಾಳಮ್ಮ ಎದ್ದು ಬಂದಳು.

ಮಾರನೆಯ ದಿನ ಶುಕ್ರವಾರ. ಬ್ಯಾಂಕಿನ ಲಕ್ಷ್ಮಿ ಪಟಕ್ಕೆ ಅವಳು ದಿನಾ ವರ್ತನೆಗೆ ಕೊಡುತ್ತಿದ್ದ ಹೂವು ಬರಲೇ ಇಲ್ಲ. ಊದುಬತ್ತಿ ಹಿಡಿದು ಕಾದು ನಿಂತಿದ್ದ ಮ್ಯಾನೇಜರು ಬರಿಗಾಲಲ್ಲೇ ಬೀದಿಗಿಳಿದು, ಅವಳು ಹೂವು ಮಾರುತ್ತಿದ್ದ ಮರದ ಕೆಳಗೆ ಬಂದರು.

"ಏನಮ್ಮ, ನಮ್ಮ ವರ್ತನೆ ಹೂವು ಎಲ್ಲಿ?"

"ಹೂವು ದಿನಾ ತಗೊಂಡು ದುಡ್ಡು ತಿಂಗಳ ಕೊನೇಲಿ ಕೊಡ್ತೀರಿ. ಅದೂ ಸಾಲಾನೇ ಅಲ್ವಾ ಸ್ವಾಮಿ? ನಾನು ಮಳೆ ಬಂದ್ರೂ ಇದೇ ಮರದ ಕೆಳಗೆ ಇರ್ತೀನಿ. ನೀವು ನಾಳೆ ವರ್ಗ ಆಗಿ ಹೋದ್ರೆ? ನಂಬೋದು ಹೇಗೆ? ಜಾಮೀನು ಹಾಕೋರನ್ನ ಕರ್ಕೊಂಡು ಬನ್ನಿ."

ಬೀದಿಯೆಲ್ಲ ಗೊಳ್ಳೆಂದು ನಕ್ಕಿತು. ಊದುಬತ್ತಿಯ ಕಿಡಿ ಕಾಲ ಮೇಲೆ ಬಿದ್ದು ಮ್ಯಾನೇಜರು ಒಂದು ಕುಣಿತ ಕುಣಿದರು. ಕೊನೆಗೆ ಅವರಿಗೂ ನಗು ತಡೆಯಲಾಗಲಿಲ್ಲ.

"ಹೊಂಬಾಳಕ್ಕನಿಗೆ ನಾನು ಜಾಮೀನು!" ಎಂದಳು ಸೊಪ್ಪಿನವಳು. "ನಾನೂ!" ಎಂದಳು ನಿಂಬೆಹಣ್ಣಿನವಳು.

"ಒಬ್ಬರಿಗೊಬ್ಬರು ಜಾಮೀನು ನಿಲ್ತೀರಾ? ಹಾಗಾದ್ರೆ ಗುಂಪಿನ ಮೇಲೆ ಸಾಲ ಕೊಡಬಹುದು, ಎಲ್ಲರೂ ಒಳಗೆ ಬನ್ನಿ" ಎಂದರು ಮ್ಯಾನೇಜರು.

ತಳ್ಳುಗಾಡಿ ಬಂತು. ಹೊಂಬಾಳಮ್ಮ ಮೊದಲ ಕಂತು ಕಟ್ಟಲು ಹೋದಾಗ ಮ್ಯಾನೇಜರೇ ಎದ್ದು ಕುರ್ಚಿ ಎಳೆದುಕೊಟ್ಟರು. "ಹೊಂಬಾಳಮ್ಮನವರೇ, ನಾಳೆಯಿಂದ ವರ್ತನೆಗೆ ಒಂದು ಮೊಳ ಜಾಸ್ತಿ ಹಾಕ್ತೀರಾ?"

"ಮೊದಲು ಹಳೇ ಬಾಕಿ ಸರಿಯಾಗಿ ತೀರ್ಸಿ ಸ್ವಾಮಿ" ಎಂದಳು ಹೊಂಬಾಳಮ್ಮ, "ಆಮೇಲೆ ನೋಡೋಣ."