ಕೊಂಡಿಯಿಲ್ಲದವರ ಸಭೆ

ಗೂಡನ್ನು ಕಾಯುವುದು ಹೇಗೆಂದು ಗಂಡುಜೇನುಗಳು ಬೆಳಗಿನಿಂದ ಚರ್ಚೆ ನಡೆಸಿದ್ದವು. ಕೊಂಡಿ ಇರುವುದು ಹೆಣ್ಣುಜೇನುಗಳಿಗೆ ಮಾತ್ರ. ಆದರೂ ಅವುಗಳನ್ನು ಯಾರೂ ಕರೆದಿರಲಿಲ್ಲ. ಮಕರಂದ ಹೊತ್ತು ಬಂದ ಚುರುಕಿ ಎಂಬ ಹೆಣ್ಣುಜೇನು ಬಾಗಿಲಲ್ಲೇ ನಿಂತು ಹೇಳಿದಳು: “ಬೇಲಿಯ ಹತ್ತಿರ ಕಡಜ ಸುಳಿಯುತ್ತಿದೆ. ಬಾಗಿಲಿಗೆ ಕಾವಲು ಹಾಕಿ.”

“ನಿನಗೇಕಮ್ಮ ಈ ವಿಷಯ? ಹೋಗಿ ಮರಿಗಳಿಗೆ ಉಣಿಸು,” ಎಂದಿತು ಒಂದು ಗಂಡುಜೇನು.

“ಸ್ವಲ್ಪ ನಗುನಗುತ್ತಾ ಹೇಳಿದ್ದರೆ ಕೇಳುತ್ತಿದ್ದೆವು,” ಎಂದಿತು ಇನ್ನೊಂದು. ಸಭೆ ಗೊಳ್ಳೆಂದು ನಕ್ಕಿತು.

ಚುರುಕಿಗೆ ಮೈ ಉರಿಯಿತು. ಮಾತು ಬೆಳೆಸದೆ ಅಕ್ಕತಂಗಿಯರನ್ನು ಕರೆದು ಬಾಗಿಲಿಗೆ ನಿಂತಳು. ಕಡಜ ಬಂದೇ ಬಂತು. ಗಂಡುಜೇನುಗಳೆಲ್ಲ ಅವರ ಬೆನ್ನ ಹಿಂದೆ ಅಡಗಿದವು. ಅಕ್ಕತಂಗಿಯರು ಮುತ್ತಿಕೊಂಡು, ಚುಚ್ಚಿ ಚುಚ್ಚಿ ಅದನ್ನು ಕೆಡವಿದರು.

ಹಿಂದಿನಿಂದ ಒಂದು ದನಿ ಮೆಲ್ಲಗೆ ಬಂತು: “ಕೆಲಸವೇನೋ ಆಯಿತು. ಆದರೆ ಹೆಣ್ಣಿಗೆ ಇಷ್ಟೊಂದು ಸಿಟ್ಟು ಒಪ್ಪುವುದಿಲ್ಲ.”